ಅಪ್ಪ ರೇಸಿಗೆಂದು ಕತ್ತರಿಸಿದ ಯೆಜ್ಡಿ: ಮೊದಲಿನಂತೆ ಮಾಡಿಸಬೇಕಾ, ಹಾಗೇ ಬಿಡಬೇಕಾ?

ಯಾದವಗಿರಿ_ಮಗಳು
ಎಲ್ಲರಿಗೂ ನಮಸ್ಕಾರ. ಅಪ್ಪ ತೀರಿಕೊಂಡ ಮೇಲೆ ಅವರ ಯೆಜ್ಡಿ ನನ್ನ ಪಾಲಿಗೆ ಬಂದಿದೆ. 1974ರ ಬಿ ಟೈಪ್ ಬೈಕ್, 250 ಸಿಸಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಒಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದಂತೆ. ಕಾಗದಪತ್ರ ಎಲ್ಲ ಇದೆ, ಆದರೆ ಆರ್‌ಸಿ ಅವಧಿ ಮುಗಿದು ವರ್ಷಗಳಾಗಿವೆ.

ತೊಂದರೆ ಏನೆಂದರೆ ಇದು ಕಾರ್ಖಾನೆಯಿಂದ ಬಂದ ರೂಪದಲ್ಲಿಲ್ಲ. ಅಪ್ಪನಿಗೆ ಶೋಲಾವರಂ ಹುಚ್ಚು. ಮದರಾಸಿನ ಆಚೆ ಹಳೇ ವಿಮಾನದ ರನ್‌ವೇ ಮೇಲೆ ರೇಸ್ ನಡೀತಿತ್ತಲ್ಲ, ಅಲ್ಲಿಗೆ ಸ್ನೇಹಿತರ ಜೊತೆ ಇದೇ ಗಾಡಿಯಲ್ಲಿ ಹೋಗುತ್ತಿದ್ದರು. ನೋಡಿ ಬಂದದ್ದನ್ನೆಲ್ಲ ಇದರ ಮೇಲೆ ಮಾಡಿದ್ದಾರೆ. ಹಿಂದಿನ ಮಡ್‌ಗಾರ್ಡ್ ಅರ್ಧ ಕತ್ತರಿಸಿದ್ದಾರೆ. ಚೈನ್ ಕವರ್ ಇಲ್ಲ. ಹ್ಯಾಂಡಲ್ ಚಪ್ಪಟೆ. ಎರಡೂ ಸೈಲೆನ್ಸರಿನ ಒಳಗಿನ ಕೊಳವೆ ತೆಗೆದಿದ್ದಾರೆ. ಟ್ಯಾಂಕಿಗೆ ಕೈಯಲ್ಲೇ ಹಳದಿ ಬಣ್ಣ ಬಳಿದು, ಬಿಳಿ ವೃತ್ತದೊಳಗೆ 17 ಎಂದು ಬರೆದಿದ್ದಾರೆ. ಎಂಜಿನ್ ಒಳಗೂ ಏನೋ ಮಾಡಿಸಿದ್ದರು ಅಂತ ಅಮ್ಮ ಹೇಳುತ್ತಾರೆ. ಏನು ಅಂತ ಅವರಿಗೂ ಗೊತ್ತಿಲ್ಲ.

ಈಗ ಕಿಕ್ಕರ್ ಕೆಳಗೆ ಇಳಿಯುವುದೇ ಇಲ್ಲ. ಒಬ್ಬ ಮೆಕ್ಯಾನಿಕ್ ನೋಡಿ "ಎಲ್ಲ ಬಿಚ್ಚಿ ಹೊಸ ಮರೂನ್ ಬಣ್ಣ ಹೊಡೆದು ಶೋರೂಂ ಪೀಸ್ ಮಾಡಿಕೊಡ್ತೀನಿ" ಎಂದರು. ನನಗೆ ಒಪ್ಪಿಗೆಯಾಗುತ್ತಿಲ್ಲ. ಅಣ್ಣನಂತೂ ಮಾರಿಬಿಡು ಎನ್ನುತ್ತಾನೆ. ಎಲ್ಲಿಂದ ಶುರು ಮಾಡಲಿ?

ಪಾಯಿಂಟ್ಸ್_ಗ್ಯಾಪ್
ಮೇಡಂ, ಮೊದಲ ಮಾತು. ಕಿಕ್ಕರ್ ಮೇಲೆ ಹತ್ತಿ ನಿಲ್ಲಬೇಡಿ. ಯಾರನ್ನೂ ನಿಲ್ಲಲು ಬಿಡಬೇಡಿ. ಪಿಸ್ಟನ್ ರಿಂಗ್ ತುಕ್ಕು ಹಿಡಿದು ಬೋರಿಗೆ (ಸಿಲಿಂಡರಿನ ಒಳಗೋಡೆಗೆ) ಅಂಟಿಕೊಂಡಿರುತ್ತದೆ. ಬಲ ಹಾಕಿದರೆ ರಿಂಗ್ ಮುರಿದು ಪೋರ್ಟಿನೊಳಗೆ (ಸಿಲಿಂಡರಿನ ಕಿಂಡಿಯೊಳಗೆ) ಸಿಕ್ಕಿಕೊಳ್ಳುತ್ತದೆ. ಆಮೇಲೆ ಬ್ಯಾರಲ್ (ಸಿಲಿಂಡರ್) ಗುಜರಿಗೆ.

ಪ್ಲಗ್ ಬಿಚ್ಚಿ. ಆ ತೂತಿನಲ್ಲಿ ಅರ್ಧ ಡೀಸೆಲ್, ಅರ್ಧ ತೆಳು ಆಯಿಲ್ ಸೇರಿಸಿ ಹಾಕಿ. ಕೆಲವು ದಿನ ಹಾಗೇ ಬಿಡಿ, ನಡುನಡುವೆ ಇನ್ನಷ್ಟು ಹಾಕುತ್ತಿರಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆತ್ತಗೆ ಆಡಿಸಿ. ಬಿಟ್ಟುಕೊಂಡರೆ ಸಂತೋಷ. ಆದರೂ ಸ್ಟಾರ್ಟ್ ಮಾಡಬೇಡಿ, ಹೆಡ್ (ಸಿಲಿಂಡರಿನ ಮುಚ್ಚಳ) ಮತ್ತು ಬ್ಯಾರಲ್ ಬಿಚ್ಚಿ ನೋಡಲೇಬೇಕು.

ಬಣ್ಣದ ಮಾತು ಕೊನೆಗೆ. ಮೊದಲು ಬಣ್ಣ ಹೊಡೆಸಿದವರ ಗಾಡಿಗಳು ಎಷ್ಟೋ ಮನೆಗಳಲ್ಲಿ ಹೊಳೆಯುತ್ತಾ ನಿಂತಿವೆ. ಓಡುವುದಿಲ್ಲ, ಅಷ್ಟೆ.

ಹಳೇಗಾಡಿ_ಹಾಸನ
ಕಾಗದದ ಕೆಲಸ ಇವತ್ತೇ ಶುರು ಮಾಡಿ ತಂಗಿ. ಸ್ಪ್ಯಾನರ್ ಆಮೇಲೆ ಹಿಡಿಯಬಹುದು.

ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಬೇಕು ಅಂತ ನಿಯಮ ಇದೆ. ದಾಟಿದ್ದರೆ ಗಾಬರಿ ಬೇಡ, ದಂಡ ಕಟ್ಟಿ ಮಾಡಿಸಬಹುದು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಅಮ್ಮ ಮತ್ತು ಅಣ್ಣನ ಒಪ್ಪಿಗೆಯ ಅಫಿಡವಿಟ್ ಬೇಕಾಗುತ್ತದೆ. ಅಣ್ಣ ಮಾರು ಎನ್ನುತ್ತಿದ್ದಾರೆ ಅಂದಿರಲ್ಲ, ಅವರ ಸಹಿ ಮೊದಲು ತೆಗೆದುಕೊಳ್ಳಿ. ಗಾಡಿ ರೆಡಿಯಾಗಿ ಬೆಲೆ ಬಂದ ಮೇಲೆ ಸಹಿ ಕೇಳಿದರೆ ಮನೆಮನೆಯಲ್ಲಿ ಕತೆ ಬೇರೆ.

ಆಮೇಲೆ ಆರ್‌ಸಿ ನವೀಕರಣಕ್ಕೆ ಫಾರಂ 25. ಗಾಡಿಯನ್ನು ತಪಾಸಣೆಗೆ ತೋರಿಸಬೇಕು. ತಡವಾದಷ್ಟೂ ದಂಡ ತಿಂಗಳ ಲೆಕ್ಕದಲ್ಲಿ ಬೆಳೆಯುತ್ತಾ ಹೋಗುತ್ತದೆ.

ಇನ್ನೊಂದು ಮಾತು. ಎಂಜಿನ್ ನಂಬರ್, ಚಾಸಿ ನಂಬರ್ ಎರಡರದ್ದೂ ಪೆನ್ಸಿಲ್ ಪ್ರಿಂಟ್ ತೆಗೆದು, ಆರ್‌ಸಿ ಜೊತೆ ಹೋಲಿಸಿ, ಫೋಟೋ ಇಟ್ಟುಕೊಳ್ಳಿ. ಸ್ಯಾಂಡ್ ಬ್ಲಾಸ್ಟಿಂಗ್‌ಗೆ (ಮರಳು ಚಿಮ್ಮಿಸಿ ತುಕ್ಕು, ಬಣ್ಣ ತೆಗೆಯಲು) ಕೊಟ್ಟಾಗ ನಂಬರ್ ಸವೆದು ಹೋದ ಗಾಡಿಗಳನ್ನು ನೋಡಿದ್ದೇನೆ. ಕೊಡುವ ಮೊದಲು ಆ ಜಾಗಕ್ಕೆ ದಪ್ಪ ಟೇಪ್ ಸುತ್ತಿ.

ಕಿಕ್‌ಲಿವರ್
ನನ್ನ ವೋಟು ಮೆಕ್ಯಾನಿಕ್ ಕಡೆಗೆ. ಬೈದುಕೊಳ್ಳಿ ಪರವಾಗಿಲ್ಲ. 😀

ಬಿ ಟೈಪ್ ಅಂದರೆ ಆ ದುಂಡಗಿನ ಮಡ್‌ಗಾರ್ಡ್, ಪೂರ್ತಿ ಮುಚ್ಚಿದ ಚೈನ್ ಕೇಸ್, 16 ಇಂಚಿನ ಚಕ್ರ. ಅದರ ಚಂದವೇ ಅದು. ಪೂರ್ತಿ ಮುಚ್ಚಿದ ಚೈನ್ ಕೇಸ್ ಸುಮ್ನೆ ಅಲಂಕಾರಕ್ಕೆ ಇರಲಿಲ್ಲ. ಮಳೆ, ಕೆಸರು ತಾಗದೆ ಚೈನ್ ವರ್ಷಗಟ್ಟಲೆ ಬಾಳುತ್ತಿತ್ತು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಇನ್ನು ಹೊಸದು ಬರುವುದಿಲ್ಲ. 2018ರಲ್ಲಿ ಬಂದ ಹೊಸ ಜಾವಾ, 2022ರ ಹೊಸ ಯೆಜ್ಡಿ ಹೆಸರಿಗೆ ಮಾತ್ರ ಸಂಬಂಧಿಕರು, ಒಂದು ಬೋಲ್ಟೂ ಇದಕ್ಕೆ ಹೊಂದುವುದಿಲ್ಲ. ಹಾಗಿರುವಾಗ ಉಳಿದಿರುವ ಗಾಡಿಗಳನ್ನು ಕಾರ್ಖಾನೆಯಿಂದ ಬಂದ ಹಾಗೆ ಇಡುವುದು ನಮ್ಮ ಕೆಲಸ ಅಂತ ನನಗನಿಸುತ್ತದೆ. ಕತ್ತರಿಸಿದ ಯೆಜ್ಡಿ ಊರೂರಲ್ಲಿ ಇವೆ. ಒರಿಜಿನಲ್ ಎಷ್ಟಿವೆ?

ಸ್ಯಾಕ್ರಮೆಂಟೊ_ಸೀನ
ಕಿಕ್‌ಲಿವರ್ ಅಣ್ಣ, ಒಂದು ನಿಮಿಷ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಇದೇ ಜಗಳ ಹಾಟ್ ರಾಡ್ ಕಾರುಗಳ ವಿಷಯದಲ್ಲಿ ದಶಕಗಳ ಕಾಲ ನಡೆದಿದೆ.

ಹಾಟ್ ರಾಡ್ ಅಂದರೆ ಏನು? ಹಳೇ ಫೋರ್ಡ್ ಕಾರು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡ್ ಕಿತ್ತು, ತೂಕ ಇಳಿಸಿ, ಎಂಜಿನ್ ಬಿಗಿ ಮಾಡಿ ಓಡಿಸುವುದು. 1932ರಲ್ಲಿ ಫೋರ್ಡ್ ಫ್ಲ್ಯಾಟ್‌ಹೆಡ್ ವಿ8 ಎಂಬ ಎಂಟು ಸಿಲಿಂಡರಿನ ಎಂಜಿನ್ ತಂದಿತು, 65 ಅಶ್ವಶಕ್ತಿ. ಆಗ ಸಾಮಾನ್ಯ ಜನರಿಗೆ ಎಟುಕುವ ಬೆಲೆಯಲ್ಲಿ ವಿ8 ಅಂದರೆ ಅದೇ. ಹುಡುಗರು ಅದನ್ನು ಮುರಾಕ್, ಎಲ್ ಮಿರಾಜ್ ಅನ್ನುವ ಒಣಗಿದ ಕೆರೆಗಳ ಮೇಲೆ ಓಡಿಸುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಬಂದ ಮೇಲೆ ಅದು ದೊಡ್ಡ ಹುಚ್ಚಾಯಿತು. ನಿಮ್ಮ ತಂದೆ ಮಾಡಿದ್ದೂ ಅದನ್ನೇ ಅಲ್ವಾ? ಕೆರೆ ಬದಲು ರನ್‌ವೇ, ಫೋರ್ಡ್ ಬದಲು ಯೆಜ್ಡಿ.

ಇಲ್ಲೂ ಬಹಳ ಕಾಲ "ಒರಿಜಿನಲ್ ಮಾತ್ರ ಮೇಲು" ಅನ್ನುತ್ತಿದ್ದರು. ಎಷ್ಟೋ ಜನ ರಾಡ್‌ಗಳನ್ನು ಬಿಚ್ಚಿ ಮತ್ತೆ ಕಂಪನಿ ರೂಪಕ್ಕೆ ತಂದರು. ಆಮೇಲೆ ಗಾಳಿ ತಿರುಗಿತು. 1997ರಲ್ಲಿ ಪೆಬಲ್ ಬೀಚ್ ಕಾರು ಪ್ರದರ್ಶನದಲ್ಲಿ ಹಾಟ್ ರಾಡ್‌ಗಳಿಗೇ ಪ್ರತ್ಯೇಕ ವರ್ಗ ಮಾಡಿದರು. ರೋಲ್ಸ್ ರಾಯ್ಸ್, ಬುಗಾಟಿ ನಿಲ್ಲುವ ಹುಲ್ಲಿನ ಮೇಲೆ ಕತ್ತರಿಸಿದ ಫೋರ್ಡ್ ನಿಂತಿತು! ಈಗ ಅಲ್ಲಿ ಬೆಲೆ ಇರುವುದು ಆ ಕಾಲದಲ್ಲೇ ಕಟ್ಟಿದ, ಯಾರು ಕಟ್ಟಿದರು ಅಂತ ಗೊತ್ತಿರುವ ರಾಡ್‌ಗೆ. ನಿನ್ನೆ ಮೊನ್ನೆ ಕತ್ತರಿಸಿದ್ದಕ್ಕಲ್ಲ.

ಆ ಹಳದಿ ಟ್ಯಾಂಕ್ ಮುಟ್ಟಬೇಡಿ ಅನ್ನುವುದು ನನ್ನ ಅಭಿಪ್ರಾಯ. ಮರೂನ್ ಬಣ್ಣದ ಟ್ಯಾಂಕ್ ದುಡ್ಡು ಕೊಟ್ಟರೆ ಸಿಗುತ್ತದೆ.

ಕಿಕ್‌ಲಿವರ್
ಸೀನ, ಅಲ್ಲಿನ ಕಾನೂನು ಬೇರೆ, ಇಲ್ಲಿನದು ಬೇರೆ. ಅದನ್ನು ಮರೆಯಬೇಡ.

ಹಳೇಗಾಡಿ_ಹಾಸನ
ಕಿಕ್‌ಲಿವರ್ ಹೇಳಿದ್ದು ಸರಿ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ನಿಮ್ಮದು 1974, ಆ ಲೆಕ್ಕದಲ್ಲಿ ದಾಟಿದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಅವಧಿ, ನಂಬರಿನಲ್ಲಿ ವಿಎ ಎಂಬ ಅಕ್ಷರ. ಈಗಾಗಲೇ ನೋಂದಣಿ ಇರುವ ಗಾಡಿ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ಆದರೆ ಎರಡು ಷರತ್ತು ನೋಡಿ. ವಿಂಟೇಜ್ ಅಂತ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸಲು, ಇಂಥದ್ದಕ್ಕೆ ಮಾತ್ರ. ಎರಡನೆಯದು, ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು.

ನನ್ನ ಪ್ರಕಾರ ನಿಮಗೆ ವಿಂಟೇಜ್ ನೋಂದಣಿ ಬೇಡ. ಮಾಮೂಲಿ ಆರ್‌ಸಿ ನವೀಕರಿಸಿ, ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೋಗಿ ಬನ್ನಿ. ಮಾಮೂಲಿ ಆರ್‌ಸಿಯಾದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಗಟ್ಟಿಯಾಗಿ ಹೇಳಿದೆ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಹಾಗಾಗಿ ತಪಾಸಣೆಗೆ ಹೋಗುವಾಗ ಪೂರ್ತಿ ಮಡ್‌ಗಾರ್ಡ್, ಒಳಗೆ ಕೊಳವೆ ಇರುವ ಸೈಲೆನ್ಸರ್, ಚೈನ್ ಕವರ್, ಆರ್‌ಸಿಯಲ್ಲಿರುವ ಬಣ್ಣ ಇರಲಿ.

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ: ನಿಮ್ಮ ತಂದೆ ಚಾಸಿ ಕತ್ತರಿಸಿದ್ದಾರಾ?

ಯಾದವಗಿರಿ_ಮಗಳು
ಅಣ್ಣಾ, ಸೀಟು ತೆಗೆದು ನೋಡಿದೆ. ಚಾಸಿ ಪೈಪ್ ಎಲ್ಲೂ ಕತ್ತರಿಸಿಲ್ಲ, ವೆಲ್ಡಿಂಗ್ ಗುರುತೂ ಇಲ್ಲ. ಚೈನ್ ಕವರ್ ಕೂರುವ ಒಂದು ಬ್ರ್ಯಾಕೆಟ್ ಮಾತ್ರ ಅರದಲ್ಲಿ ತೇದಿದ್ದಾರೆ.

ಸೀನ ಅವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. "ಅಮೆರಿಕದಲ್ಲೂ ಇಂಥ ಗಂಡಸರು ಇದ್ದಾರಾ" ಅಂದರು.

ತುಮಕೂರು_2ಟಿ
ಚಾಸಿ ಉಳಿದಿದೆ ಅಂದಮೇಲೆ ಅರ್ಧ ಚಿಂತೆ ಮುಗಿಯಿತು. ಉಳಿದದ್ದೆಲ್ಲ ಬೋಲ್ಟ್ ಬಿಚ್ಚಿ ಹಾಕುವ ಸಾಮಾನು. ನಾನು ಟು ಸ್ಟ್ರೋಕ್ ಎಂಜಿನ್ ಕೆಲಸವನ್ನೇ ಮಾಡುವವನು. ಆ ಕಾಲದಲ್ಲಿ ಶೋಲಾವರಂ ನೋಡಿ ಬಂದವರು ಎಂಜಿನ್‌ಗೆ ಏನು ಮಾಡಿಸುತ್ತಿದ್ದರು ಅಂತ ಹೇಳುತ್ತೇನೆ. ಬಿಚ್ಚಿದಾಗ ಇವನ್ನು ನೋಡಿ.

ಮೊದಲು ಎಕ್ಸಾಸ್ಟ್ ಪೋರ್ಟ್, ಅಂದರೆ ಹೊಗೆ ಹೊರಹೋಗುವ ಕಿಂಡಿ. ಈ ಬ್ಯಾರಲ್‌ಗೆ ಎರಡು ಎಕ್ಸಾಸ್ಟ್ ಇರುತ್ತದೆ, ಅದಕ್ಕೇ ಸಿಂಗಲ್ ಸಿಲಿಂಡರ್ ಆದರೂ ಎರಡು ಸೈಲೆನ್ಸರ್. ಆ ಪೋರ್ಟಿನ ಮೇಲಂಚನ್ನು ಅರದಲ್ಲಿ ಎತ್ತರಿಸುತ್ತಿದ್ದರು. ಎತ್ತರಿಸಿದರೆ ಹೊಗೆ ಬೇಗ ಹೊರಗೆ ಹೋಗುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಗಾಡಿ ಚಿಮ್ಮುತ್ತದೆ. ಆದರೆ ಕೆಳಗಿನ ಎಳೆತ ಸಾಯುತ್ತದೆ. ಯೆಜ್ಡಿಯ ಸುಖವೇ ಕೆಳಗಿನ ಎಳೆತ. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಉದ್ದ ಸ್ಟ್ರೋಕಿನ ಎಂಜಿನ್. ಘಾಟ್ ರಸ್ತೆಯಲ್ಲಿ ಎತ್ತಿನ ಹಾಗೆ ಎಳೆಯುತ್ತಿತ್ತು. ಪೋರ್ಟ್ ಎತ್ತರಿಸಿದರೆ ಅದು ಹೋಯಿತು.

ಆಮೇಲೆ ಪಿಸ್ಟನ್ ಸ್ಕರ್ಟ್, ಅಂದರೆ ಪಿಸ್ಟನ್ನಿನ ಕೆಳಭಾಗ. ಇಂಟೇಕ್ ಕಡೆ ಕೆಳಗೆ ಸ್ವಲ್ಪ ಕತ್ತರಿಸುತ್ತಿದ್ದರು. ಪೆಟ್ರೋಲ್, ಗಾಳಿಯ ಮಿಶ್ರಣ ಹೆಚ್ಚು ಹೊತ್ತು ಒಳಗೆ ಬರಲಿ ಅಂತ. ಇದು ಚಿಂತೆಯಲ್ಲ, ರೀಬೋರ್ (ಸಿಲಿಂಡರಿನ ಒಳಗೆ ಕೊರೆದು ದೊಡ್ಡದು) ಮಾಡಿಸುವಾಗ ಪಿಸ್ಟನ್ ಹೇಗೂ ಹೊಸದು.

ಇನ್ನು ಹೆಡ್. ಲೇತ್‌ನಲ್ಲಿ ಒಂದಿಷ್ಟು ಇಳಿಸಿ ಕಂಪ್ರೆಷನ್ ಏರಿಸುತ್ತಿದ್ದರು. ಹಾಗಿದ್ದರೆ ಕಿಕ್ಕರ್ ವಾಪಸ್ ಒದೆಯುತ್ತದೆ, ಬಿಸಿಯಾದಾಗ ಕಟಕಟ ಶಬ್ದ ಬರುತ್ತದೆ. ದಪ್ಪ ತಾಮ್ರದ ಗ್ಯಾಸ್ಕೆಟ್ ಹಾಕಿ ಸರಿದೂಗಿಸಬಹುದು. ಬೇರೆ ಹೆಡ್ ಸಿಕ್ಕರೆ ಇನ್ನೂ ವಾಸಿ.

ಪೋರ್ಟ್ ಎತ್ತರಿಸಿದ್ದಾರಾ ಅಂತ ತಿಳಿಯಲು, ಬ್ಯಾರಲ್‌ನ ಮೇಲಂಚಿನಿಂದ ಪೋರ್ಟಿನ ಮೇಲಂಚಿಗೆ ವರ್ನಿಯರ್ ಹಿಡಿದು ಅಳತೆ ತೆಗೆಯಿರಿ. ಮುಟ್ಟದೇ ಇರುವ ಒಂದು ಬ್ಯಾರಲ್ ಜೊತೆ ಹೋಲಿಸಿ. ಅರ ಹಾಕಿದ್ದರೆ ಕಣ್ಣಿಗೂ ಕಾಣುತ್ತದೆ, ಎರಕದ ಒರಟು ಇರುವುದಿಲ್ಲ.

ಪಾಯಿಂಟ್ಸ್_ಗ್ಯಾಪ್
ಜೊತೆಗೆ ಕ್ರ್ಯಾಂಕ್‌ನ (ಪಿಸ್ಟನ್ನಿನ ಕೆಳಗೆ ತಿರುಗುವ ದಂಡದ) ಆಯಿಲ್ ಸೀಲ್ ಎರಡೂ ಬದಲಿಸಿ. ಪ್ರಶ್ನೆಯೇ ಇಲ್ಲ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ರಬ್ಬರ್ ಕಲ್ಲಾಗಿರುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿದು ಬೀದಿ ತುಂಬ ಬಿಳಿ ಹೊಗೆ ಬಿಡುತ್ತದೆ. ಇದಾದರೂ ಕಣ್ಣಿಗೆ ಕಾಣುತ್ತದೆ. ಡೈನಮೊ ಕಡೆಯ ಸೀಲ್ ಹೋದರೆ ಏನೂ ಕಾಣುವುದಿಲ್ಲ. ಸುಮ್ನೆ ಗಾಳಿ ಎಳೆಯುತ್ತದೆ, ಮಿಶ್ರಣ ತೆಳುವಾಗುತ್ತದೆ, ಹೊಸ ಪಿಸ್ಟನ್ ಒಂದು ದಿನ ಹೈವೇಯಲ್ಲಿ ಸೀಜ್ ಆಗಿ ಸಿಕ್ಕಿಕೊಳ್ಳುತ್ತದೆ. ರೀಬೋರ್‌ಗೆ ಸಾವಿರಾರು ರೂಪಾಯಿ ಸುರಿದು ಸೀಲ್‌ಗೆ ಜಿಪುಣತನ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕನೆಕ್ಟಿಂಗ್ ರಾಡ್ ಮೇಲೆ ಕೆಳಗೆ ಅಲ್ಲಾಡುತ್ತಿದ್ದರೆ ಕ್ರ್ಯಾಂಕ್ ಪ್ರೆಸ್ ಮಾಡಿಸಿ ಕಿಟ್ ಹಾಕಿಸಬೇಕು. ಇದು ಸುತ್ತಿಗೆ ಹಿಡಿದು ಮಾಡುವ ಕೆಲಸವಲ್ಲ. ಪ್ರೆಸ್ ಇದ್ದು, ಡಯಲ್ ಗೇಜ್ ಇಟ್ಟು ಅಲೈನ್ ಮಾಡುವ ಲೇತ್‌ನವರ ಹತ್ತಿರ ಮಾತ್ರ ಕೊಡಿ.

ಕರೆಂಟಿನ ವಿಷಯ: 6 ವೋಲ್ಟ್ ಡೈನಮೊ. ಕಾರ್ಬನ್ ಬ್ರಷ್, ಕಟ್‌ಔಟ್ (ಚಾರ್ಜಿಂಗ್ ರಿಲೇ) ನೋಡಿಸಿ. ಪಾಯಿಂಟ್ಸ್ (ಪ್ಲಗ್‌ಗೆ ಕಿಡಿ ಬರಿಸುವ ಸ್ವಿಚ್) ಗ್ಯಾಪ್ 0.4 ಮಿ.ಮೀ. ಅರ್ಧಕ್ಕರ್ಧ ಜನ "ಯೆಜ್ಡಿ ಕೈಕೊಡ್ತು" ಅನ್ನುವುದು ಇದನ್ನು ನೋಡದೆ.

ಕಾಫಿತೋಟ
ಮಧ್ಯೆ ಒಂದು ಮಾತು. ಪೆಟ್ರೋಲ್. ಈಗ ಬಂಕ್‌ನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತದ್ದು. ನಮ್ಮ ಹಳೇ ಗಾಡಿಗಳ ರಬ್ಬರ್ ಪೈಪ್, ಪೆಟ್ರೋಲ್ ಕಾಕ್‌ನ ವಾಷರ್ ಇದಕ್ಕೆ ಮಾಡಿದ್ದಲ್ಲ. ಉಬ್ಬಿ, ಮೆತ್ತಗಾಗಿ ಸೋರುತ್ತವೆ. ಎಥನಾಲ್ ಗಾಳಿಯ ನೀರನ್ನೂ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ತುಂಬಿಸಿ ತಿಂಗಳುಗಟ್ಟಲೆ ಬಿಟ್ಟರೆ ಒಳಗೆ ತುಕ್ಕು ಗ್ಯಾರಂಟಿ. ಎಥನಾಲ್ ತಡೆಯುವ ಹೊಸ ಪೈಪ್ ಹಾಕಿ. ಗಾಡಿ ನಿಲ್ಲಿಸುವಾಗ ಕಾಕ್ ಮುಚ್ಚಿ ಕಾರ್ಬೊರೇಟರ್ ಖಾಲಿಯಾಗುವವರೆಗೂ ಓಡಿಸಿ. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಲೀಟರಿಗೆ 40 ಎಂ.ಎಲ್. ಬಂಕ್ ಹುಡುಗನಿಗೆ ಬಿಡಬೇಡಿ, ಅಳತೆಯ ಲೋಟ ನಿಮ್ಮ ಹತ್ತಿರವೇ ಇರಲಿ.

ಯಾದವಗಿರಿ_ಮಗಳು
ಕಾಫಿತೋಟ ಅವರೇ, ಟ್ಯಾಂಕ್ ಒಳಗೆ ಈಗಾಗಲೇ ತುಕ್ಕು ಇದೆ. ಹೊರಗಿನ ಹಳದಿ ಬಣ್ಣ ಕೆಡದ ಹಾಗೆ ಒಳಗೆ ತೊಳೆಯುವುದು ಹೇಗೆ? ಆಸಿಡ್ ಅಂದರೆ ಭಯ.

ತುಮಕೂರು_2ಟಿ
ಆಸಿಡ್ ಬೇಡ ಅಕ್ಕ. ಒಂದು ಹನಿ ಹೊರಗೆ ಬಿದ್ದರೆ ಆ 17 ಕರಗಿ ಹೋಗುತ್ತದೆ. ಎಲೆಕ್ಟ್ರಾಲಿಸಿಸ್ ಮಾಡಿ.

ಮೊದಲು ಪೆಟ್ರೋಲ್ ವಾಸನೆ ಒಂಚೂರೂ ಉಳಿಯದ ಹಾಗೆ ಸೋಪು ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಇದು ತಮಾಷೆಯಲ್ಲ. ಹೊರಗಿನ ಬಣ್ಣಕ್ಕೆ ದಪ್ಪಗೆ ಮೇಣ ಸವರಿ, ಬಾಯಿ ಸುತ್ತ ಪ್ಲಾಸ್ಟಿಕ್ ಕಟ್ಟಿ. ಒಳಗೆ ನೀರು, ವಾಷಿಂಗ್ ಸೋಡಾ ತುಂಬಿ. ಮಾಮೂಲಿ ಕಬ್ಬಿಣದ ಒಂದು ಸರಳನ್ನು ಟ್ಯಾಂಕಿಗೆ ತಾಗದಂತೆ ರಬ್ಬರ್ ಬುಷ್ ಮೂಲಕ ಒಳಗೆ ಇಳಿಬಿಡಿ. ಬ್ಯಾಟರಿ ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಉಲ್ಟಾ ಮಾಡಿದರೆ ಟ್ಯಾಂಕೇ ಸವೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಯಾವ ಕಾರಣಕ್ಕೂ ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಬಯಲಲ್ಲೇ ಮಾಡಿ, ಹತ್ತಿರ ಬೆಂಕಿ ಕಿಡಿ ಇರಬಾರದು. ಮುಗಿದ ಮೇಲೆ ತೊಳೆದು, ಕೂಡಲೇ ಒಣಗಿಸಿ, 2ಟಿ ಆಯಿಲ್ ಹಾಕಿ ಒಳಗೆಲ್ಲ ಆಡಿಸಿ.

ಯಾದವಗಿರಿ_ಮಗಳು
ಬಹಳ ದಿನ ಆಯಿತು, ಕ್ಷಮಿಸಿ. ಎಂಜಿನ್ ಬಿಚ್ಚಿದ್ದೇವೆ. ಡೀಸೆಲ್ ಕೆಲಸ ಮಾಡಿತು, ಪಿಸ್ಟನ್ ಮೆತ್ತಗೆ ಬಿಟ್ಟುಕೊಂಡಿತು.

ತುಮಕೂರು ಅಣ್ಣ ಹೇಳಿದ ಹಾಗೇ ಆಗಿದೆ. ಎರಡೂ ಎಕ್ಸಾಸ್ಟ್ ಪೋರ್ಟ್ ಎತ್ತರಿಸಿದ್ದಾರೆ. ಕೈ ಅರದ್ದೇ ಕೆಲಸ, ಆದರೆ ಎಡ ಬಲ ಎರಡೂ ಒಂದೇ ಅಳತೆ. ವರ್ನಿಯರ್‌ನಲ್ಲಿ ಕೂದಲೆಳೆ ವ್ಯತ್ಯಾಸವೂ ಇಲ್ಲ. ಲೇತ್‌ನವರು ನೋಡಿ "ಯಾರಮ್ಮ ಮಾಡಿದ್ದು" ಅಂತ ಕೇಳಿದರು. ಹೆಡ್ ಕೂಡ ಇಳಿಸಿದ್ದಾರೆ. ಸ್ಕರ್ಟ್ ಮುಟ್ಟಿಲ್ಲ.

ಈಗ ಪ್ರಶ್ನೆ. ಬೋರ್ ಸವೆದಿದೆ. ಇದೇ ಬ್ಯಾರಲ್‌ಗೆ ಸ್ಲೀವ್ (ಒಳಗೊಂದು ಹೊಸ ಕೊಳವೆ) ಹಾಕಿಸಿ ಪೋರ್ಟ್ ಮೊದಲಿನ ಎತ್ತರಕ್ಕೆ ಕತ್ತರಿಸಬಹುದು ಎನ್ನುತ್ತಾರೆ. ಮಾಡಿಸಲಾ?

ತುಮಕೂರು_2ಟಿ
ಬೇಡವೇ ಬೇಡ. ಸ್ಲೀವ್ ಹಾಕಲು ಒಳಗೆ ಬೋರ್ ಕೊರೆದರೆ ಆ ಅರದ ಅಂಚು ಪೂರ್ತಿ ಹೋಯಿತು. ಬೇರೆ ಬ್ಯಾರಲ್, ಬೇರೆ ಹೆಡ್ ಹುಡುಕಿ. ಬೆಂಗಳೂರಿನ ಜೆ.ಸಿ. ರಸ್ತೆ ಕಡೆ ಕೇಳಿ, ಇಲ್ಲವೇ ಹಳೇ ಎಂಜಿನ್ ಬಿಡಿ ಮಾರುವವರ ಹತ್ತಿರ. ಬೋರಿಂಗ್ ಮಾಡಿಸಿದರೂ ಇನ್ನೂ ಓವರ್‌ಸೈಜ್ ಪಿಸ್ಟನ್‌ಗೆ ಜಾಗ ಉಳಿದಿರುವುದನ್ನೇ ಆರಿಸಿ, ಕೊನೇ ಸೈಜ್‌ಗೆ ಬಂದಿರುವುದು ಬೇಡ. ಅಪ್ಪನ ಬ್ಯಾರಲ್‌ಗೆ ಆಯಿಲ್ ಸವರಿ ಬಟ್ಟೆಯಲ್ಲಿ ಸುತ್ತಿ ಇಡಿ. ಯಾವತ್ತಾದರೂ ಟ್ರ್ಯಾಕ್‌ನಲ್ಲಿ ಓಡಿಸುವ ಮನಸ್ಸಾದರೆ ಹೊಸ ಪಿಸ್ಟನ್‌ಗೆ ಬೋರ್ ಮಾಡಿಸಿ ಜೋಡಿಸಬಹುದು.

ಕಿಕ್‌ಲಿವರ್
ಇದಕ್ಕೆ ನನ್ನ ಒಪ್ಪಿಗೆ ಇದೆ. ರಸ್ತೆಗೆ ಕಂಪನಿ ಬ್ಯಾರಲ್, ಪೂರ್ತಿ ಮಡ್‌ಗಾರ್ಡ್, ಮರೂನ್ ಟ್ಯಾಂಕ್. ಅಪ್ಪನ ಸಾಮಾನು ಒಂದು ಸೆಟ್ ಬೇರೆ. ಯಾವುದನ್ನೂ ಎಸೆಯಬೇಡಿ, ಯಾವುದಕ್ಕೂ ಬಣ್ಣ ಬಳಿಯಬೇಡಿ.

ಆದರೆ ಒಂದು ಷರತ್ತು. ಮರೂನ್ ಟ್ಯಾಂಕಿನ ಪಕ್ಕದ ಕ್ರೋಮ್ ಕೆಲಸಕ್ಕೆ ಅಗ್ಗದವರ ಹತ್ತಿರ ಹೋಗಬೇಡಿ. ಕೆಳಗೆ ತಾಮ್ರ, ಅದರ ಮೇಲೆ ನಿಕ್ಕಲ್, ಆಮೇಲೆ ಕ್ರೋಮ್. ನಿಕ್ಕಲ್ ತೆಳುವಾಗಿ ಹಾಕಿದರೆ ಒಂದೇ ಮಳೆಗಾಲಕ್ಕೆ ತುಕ್ಕಿನ ಚುಕ್ಕೆ ಬರುತ್ತದೆ.

ಸ್ಯಾಕ್ರಮೆಂಟೊ_ಸೀನ
ಹಳೇ ಫೋಟೋ ಇದ್ದರೆ ಹುಡುಕಿ ಮೇಡಂ. ಶೋಲಾವರಂ ಟಿಕೆಟ್, ಡೈರಿ, ಲೇತ್ ಬಿಲ್, ಏನಾದರೂ ಸರಿ. ಇಲ್ಲಿ ಒಂದು ರಾಡ್‌ನ ಕತೆ ನಂಬುವುದು ಅಂಥ ಕಾಗದ ನೋಡಿಯೇ. ಅಮ್ಮನ ಹತ್ತಿರ ಕೂತು ಯಾವ ವರ್ಷ ಏನು ಮಾಡಿಸಿದರು ಅಂತ ಬರೆದುಕೊಳ್ಳಿ.

ಯಾದವಗಿರಿ_ಮಗಳು
ಅಣ್ಣ ಸಹಿ ಹಾಕಿದ! ಒಂದು ಷರತ್ತಿನ ಮೇಲೆ. ಗಾಡಿ ರೆಡಿಯಾದ ಮೇಲೆ ಮೊದಲ ರೌಂಡ್ ಅವನದಂತೆ. ಅವನಿಗೆ ಗೇರ್ ಲಿವರನ್ನೇ ಒಳಗೆ ಒತ್ತಿ ತಿರುಗಿಸಿದರೆ ಕಿಕ್ಕರ್ ಆಗುತ್ತದೆ ಅನ್ನುವುದೇ ಗೊತ್ತಿಲ್ಲ. ಈಗಿನ ಬೈಕ್ ಓಡಿಸಿದವನು.

ಫೋಟೋ ಒಂದು ಸಿಕ್ಕಿದೆ. ಅಪ್ಪ ಗಾಡಿ ಪಕ್ಕ ನಿಂತಿದ್ದಾರೆ, ಟ್ಯಾಂಕ್ ಇನ್ನೂ ಮರೂನ್, ಮಡ್‌ಗಾರ್ಡ್ ಆಗಲೇ ಕತ್ತರಿಸಿದೆ. ಅಂದರೆ ಹಳದಿ ಆಮೇಲೆ ಬಂದದ್ದು. 17 ಯಾಕೆ ಅಂತ ಅಮ್ಮನಿಗೆ ಗೊತ್ತಿದೆ, ಹೇಳುವುದಿಲ್ಲವಂತೆ.

ಬ್ಯಾರಲ್ ಸಿಕ್ಕಿದೆ, 0.50 ಓವರ್‌ಸೈಜ್. ಕ್ರ್ಯಾಂಕ್ ಪ್ರೆಸ್‌ಗೆ ಕೊಟ್ಟಿದ್ದೇನೆ. ಫಾರಂ 31 ಹಾಕಿ ಆಯಿತು. ಕ್ಲಚ್ ಪ್ಲೇಟ್ ಹಳೇ ಕಾರ್ಕ್‌ನದ್ದೇ ಹಾಕಿಸಲಾ, ಈಗಿನ ಬೇರೆ ಮೆಟೀರಿಯಲ್ ಹಾಕಿಸಲಾ?

ಪಾಯಿಂಟ್ಸ್_ಗ್ಯಾಪ್
ಕಾರ್ಕ್ ಮೆತ್ತಗೆ ಹಿಡಿಯುತ್ತದೆ, ಆದರೆ ಇಷ್ಟು ವರ್ಷ ಆಯಿಲ್ ಇಲ್ಲದೆ ಒಣಗಿದ್ದರೆ ಪುಡಿಯಾಗುತ್ತದೆ. ಚೆನ್ನಾಗಿರುವ ಹೊಸ ಕಾರ್ಕ್ ಪ್ಲೇಟ್ ಸಿಕ್ಕರೆ ಅದೇ ಹಾಕಿ, ಹಾಕುವ ಮೊದಲು ಒಂದು ರಾತ್ರಿ ಆಯಿಲ್‌ನಲ್ಲಿ ನೆನೆಸಿ. ಗೇರ್ ಲಿವರ್ ಒತ್ತಿದಾಗ ತಾನೇ ಕ್ಲಚ್ ಬಿಡುವ ಸೆಮಿ ಆಟೊಮ್ಯಾಟಿಕ್ ವ್ಯವಸ್ಥೆ ಇದರಲ್ಲಿದೆಯಲ್ಲ, ಅದರ ಅಡ್ಜಸ್ಟಿಂಗ್ ಸ್ಕ್ರೂ ಮಾತ್ರ ಅಣ್ಣನಿಗೆ ಗಾಡಿ ಕೊಡುವ ಮೊದಲೇ ಸರಿಯಾಗಿ ಕೂರಿಸಿಬಿಡಿ.